ಕೇಳಿ, ಹೇಳ್ತೀನಿ: ಏರ್ ಇಂಡಿಯಾ ಎಲ್ಲಿ ಏರಿತು, ಎಲ್ಲಿ ಜಾರಿತು?

ಹೋದ ಸಂಚಿಕೆಯಲ್ಲಿ ಟಿಕೆಟ್ ದರದ ಬಗ್ಗೆ ಉತ್ತರಿಸುವಾಗ ಏರ್ ಇಂಡಿಯಾ ಹೆಸರು ಒಂದೇ ಸಾಲಿನಲ್ಲಿ ಬಂದಿತ್ತು. ಅಷ್ಟಕ್ಕೇ ಇಷ್ಟು ಪತ್ರ! ಹೊಸ ಓದುಗರಿಗೆ ಒಂದು ಮಾತು: ನಾನು ವಿಮಾನ ಹಾರಿಸಿದವಳೂ ಅಲ್ಲ, ಗಗನಸಖಿಯೂ ಅಲ್ಲ. ಮಂಗಳೂರಿನ ಹಂಪನಕಟ್ಟೆಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ವರ್ಷಗಟ್ಟಲೆ ಟಿಕೆಟ್ ಬರೆದವಳು. ಕೌಂಟರಿನಿಂದ ಕಂಡದ್ದು, ಆಮೇಲೆ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವವರು) ವರದಿ, ಸಂಸತ್ತಿನ ಉತ್ತರಗಳಲ್ಲಿ ಓದಿದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೇಡಂ, ಟಾಟಾದವರು ಕಟ್ಟಿದರು, ಸರ್ಕಾರ ಕಿತ್ತುಕೊಂಡು ಹಾಳು ಮಾಡಿತು, ಈಗ ಮತ್ತೆ ಟಾಟಾ ಕೈಗೆ ಬಂತು. ಕತೆ ಇಷ್ಟೇ ಅಲ್ವಾ?
— ನಿವೃತ್ತ ಶಿಕ್ಷಕರು, ತಿಪಟೂರು

ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು ಮೇಷ್ಟ್ರೇ. ಆದರೆ ಇಸವಿಗಳನ್ನು ಸಾಲಾಗಿ ಬರೆದು ನೋಡಿ. ಕತೆ ಹೊಂದುವುದಿಲ್ಲ.

ಜೆ.ಆರ್.ಡಿ. ಟಾಟಾ ಅಂಚೆ ವಿಮಾನ ಶುರು ಮಾಡಿದ್ದು 1932ರಲ್ಲಿ. ಅದು ಏರ್ ಇಂಡಿಯಾ ಎಂಬ ಕಂಪನಿಯಾದದ್ದು 1946ರಲ್ಲಿ. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ ಬೊಂಬಾಯಿಯಿಂದ ಕೈರೋ, ಜಿನೀವಾ ದಾಟಿ ಲಂಡನ್‌ಗೆ ಹೋಯಿತು. ಆ ವಿದೇಶಿ ಹಾರಾಟಕ್ಕೆಂದೇ ಮಾಡಿದ ಕಂಪನಿಯಲ್ಲಿ ಆಗಲೇ ಸರ್ಕಾರದ ಪಾಲು 49 ಪರ್ಸೆಂಟ್ ಇತ್ತು. 1953ರ ಆಗಸ್ಟ್ 1ಕ್ಕೆ ಪೂರ್ತಿ ರಾಷ್ಟ್ರೀಕರಣವಾಯಿತು. ದೇಶದೊಳಗೆ ಹಾರುತ್ತಿದ್ದ ಕಂಪನಿಗಳನ್ನೆಲ್ಲ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದರು. ಹೊರದೇಶಕ್ಕೆ ಏರ್ ಇಂಡಿಯಾ. ಜೆ.ಆರ್.ಡಿ.ಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಅಧ್ಯಕ್ಷರಾಗಿ ಮುಂದುವರಿದರು. ಒಂದೆರಡು ವರ್ಷ ಅಲ್ಲ, 1978ರವರೆಗೆ.

ಈಗ ಜನ 'ಆಹಾ, ಆ ಕಾಲ' ಅನ್ನುತ್ತಾರಲ್ಲ, ಅದು ಯಾವ ಕಾಲ? ಮೊದಲ ಬೋಯಿಂಗ್ 707 ಬಂದದ್ದು 1960ರಲ್ಲಿ. 1962ಕ್ಕೆ ಏರ್ ಇಂಡಿಯಾದಲ್ಲಿ ಒಂದೂ ಪ್ರೊಪೆಲ್ಲರ್ ವಿಮಾನ ಉಳಿದಿರಲಿಲ್ಲ, ಎಲ್ಲ ಜೆಟ್. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ಸಂಸ್ಥೆ ಅಂತ ಹೆಸರಾಯಿತು. 'ಎಂಪರರ್ ಅಶೋಕ' ಎಂಬ ಜಂಬೋ ಬಂದದ್ದು 1971ರಲ್ಲಿ. ಎಲ್ಲವೂ ಸರ್ಕಾರದ ಕಾಲದಲ್ಲೇ!

ಹಾಗಾದರೆ ನಡೆದದ್ದು ಹೇಗೆ? ಕುರ್ಚಿಯಲ್ಲಿ ಕೂತವರಿಗೆ ಹುಚ್ಚು ಇತ್ತು, ದಿಲ್ಲಿಯವರು ಅವರ ಪಾಡಿಗೆ ಅವರನ್ನು ಬಿಟ್ಟಿದ್ದರು. ವಿಮಾನದಲ್ಲಿ ಕೊಡುವ ಚಹಾಕ್ಕೂ ಕಾಫಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣಲ್ಲ ಅಂತ ಜೆ.ಆರ್.ಡಿ. ಟಿಪ್ಪಣಿ ಬರೆದು ಕಳಿಸಿದ್ದರಂತೆ. ಅಧ್ಯಕ್ಷರ ಕಣ್ಣು ಅಲ್ಲಿಯವರೆಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಕೆಳಗಿನವರು ಲೋಟ ತೊಳೆಯುವ ರೀತಿಯೇ ಬೇರೆ.

1978ರ ಫೆಬ್ರವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ತೆಗೆಯಿತು. ಪತನ ಶುರುವಾದದ್ದು ಅಲ್ಲಿಂದಲೇ ಅನ್ನುವವರಿದ್ದಾರೆ. ನಾನು ಅದನ್ನೂ ಪೂರ್ತಿ ಒಪ್ಪಲ್ಲ. ಅದಾದ ಮೇಲೂ ವರ್ಷಗಟ್ಟಲೆ ಪೈಪೋಟಿಯೇ ಇರಲಿಲ್ಲ. ದೇಶದೊಳಗೆ ಹಾರಬೇಕೆಂದರೆ ಇಂಡಿಯನ್ ಏರ್‌ಲೈನ್ಸ್, ಇಲ್ಲವೇ ರೈಲು. ಬೇರೆ ಅಂಗಡಿ ಇಲ್ಲದ ಊರಲ್ಲಿ ಯಾರಾದರೂ ವ್ಯಾಪಾರ ಮಾಡಬಹುದು. ಆ ರಾಷ್ಟ್ರೀಕರಣದ ಕಾಯಿದೆ ರದ್ದಾದದ್ದು 1994ರಲ್ಲಿ. ನಿಜವಾದ ಪರೀಕ್ಷೆ ಬಂದದ್ದು ಆಗ.

ನನ್ನ ಲೆಕ್ಕದಲ್ಲಿ ಸಂಸ್ಥೆ ಕುಸಿದದ್ದು ಸರ್ಕಾರದ್ದು ಎಂಬ ಕಾರಣಕ್ಕಲ್ಲ. ಯಾವ ತೀರ್ಮಾನ ಯಾರದ್ದು ಅಂತಲೇ ಗೊತ್ತಾಗದ ಸ್ಥಿತಿ ಬಂದದ್ದಕ್ಕೆ. ಮಂತ್ರಿ ಹೇಳುತ್ತಾರೆ, ಬೋರ್ಡು ಸಹಿ ಹಾಕುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ನಷ್ಟ ಬಜೆಟ್ಟಿಗೆ ಹೋಗುತ್ತದೆ. ಒಂದು ಉದಾಹರಣೆ ಬೆಂಗಳೂರಿನದ್ದೇ ಇದೆ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ಹತ್ತಿರ ಬಿದ್ದು 92 ಜನ ಸತ್ತರು. ದುಃಖದ ವಿಷಯ. ಆದರೆ ಆಮೇಲೆ ಸರ್ಕಾರ ಆ ಜಾತಿಯ ಎಲ್ಲ ವಿಮಾನಗಳನ್ನೂ ನೆಲಕ್ಕಿಳಿಸಿತು. ಹೊಚ್ಚಹೊಸ ವಿಮಾನಗಳು ತಿಂಗಳುಗಟ್ಟಲೆ ಬಿಸಿಲಿಗೆ ನಿಂತವು. ಸಂಸ್ಥೆಯವರು ಬೇಡ ಅನ್ನುವ ಹಾಗಿರಲಿಲ್ಲ, ನಿಲ್ಲಿಸಿದವರು ನಷ್ಟ ತುಂಬುವ ಹಾಗೂ ಇರಲಿಲ್ಲ.

ಅಕ್ಕಾರ, ದೇಶದ ಮೊದಲ ವಿಮಾನ ನಮ್ಮ ಬಳ್ಳಾರಿಗೆ ಬಂದಿತ್ತು ಅಂತ ನಮ್ಮಜ್ಜ ಹೇಳ್ತಿದ್ದ. ಸುಮ್ನೆ ಹೇಳ್ತಿದ್ನೋ, ಖರೇನೋ?
— ಬಟ್ಟೆ ವ್ಯಾಪಾರಿ, ಬಳ್ಳಾರಿ

'ದೇಶದ ಮೊದಲ ವಿಮಾನ' ಅನ್ನುವುದು ಅಜ್ಜನ ಒಗ್ಗರಣೆ. ಉಳಿದದ್ದು ಖರೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಒಬ್ಬರೇ ಒಂದು ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಒಂದೇ ಎಂಜಿನ್ನಿನ ಪುಟಾಣಿ ವಿಮಾನ. ಒಳಗೆ ಸುಮಾರು 25 ಕಿಲೋ ಅಂಚೆ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತಂದ ಪತ್ರಗಳು ಅವು. ಅಹಮದಾಬಾದಿನಲ್ಲಿ ಇಳಿದಾಗ ಬರ್ಮಾ ಶೆಲ್‌ನವರು ಪೆಟ್ರೋಲ್ ಡಬ್ಬಗಳನ್ನು ಎತ್ತಿನ ಗಾಡಿಯಲ್ಲಿ ತಂದು ತುಂಬಿಸಿದರು. ಅಲ್ಲಿಂದ ಬೊಂಬಾಯಿಯ ಜುಹು. ಜುಹುವಿನಿಂದ ಮುಂದಕ್ಕೆ ಹಾರಿಸಿದವರು ನೆವಿಲ್ ವಿನ್ಸೆಂಟ್. ಈ ವಿಮಾನ ಸೇವೆಯ ಯೋಜನೆ ಹೊತ್ತು ಟಾಟಾ ಬಳಿಗೆ ಬಂದ, ಮೊದಲು ಬ್ರಿಟಿಷ್ ವಾಯುಪಡೆಯಲ್ಲಿದ್ದ ಪೈಲಟ್. ಅವರ ದಾರಿ ಬೊಂಬಾಯಿ, ಬಳ್ಳಾರಿ, ಮದ್ರಾಸು.

ಬಳ್ಳಾರಿಯೇ ಯಾಕೆ? ಬೊಂಬಾಯಿಯಿಂದ ಮದ್ರಾಸಿಗೆ ಗೆರೆ ಎಳೆದು ನೋಡಿ, ಹೆಚ್ಚುಕಡಿಮೆ ಅದರ ಮೇಲೇ ಸಿಗುತ್ತದೆ. ಆ ವಿಮಾನಕ್ಕೆ ಒಂದೇ ಉಸಿರಿಗೆ ಅಷ್ಟು ದೂರ ಹೋಗುವ ತಾಕತ್ತು ಇರಲಿಲ್ಲ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ಸಂಸ್ಥಾನದಲ್ಲಿ ಅಲ್ಲ. ಹಾಗಾಗಿ ಇವತ್ತಿನ ಕರ್ನಾಟಕದ ನಕ್ಷೆಯಲ್ಲಿ ಆ ಮೊದಲ ದಾರಿಯ ನಿಲ್ದಾಣ ಅಂತ ಹೇಳಿಕೊಳ್ಳುವ ಹಕ್ಕು ನಿಮ್ಮೂರಿಗೆ ಇದೆ, ಬೆಂಗಳೂರಿಗೆ ಇಲ್ಲ. ಅಜ್ಜನ ಪರವಾಗಿ ಇದನ್ನು ಧೈರ್ಯವಾಗಿ ಹೇಳಿ.

ನಾನು ಬ್ಯಾಂಕಿನಲ್ಲಿದ್ದವನು. ಎರಡು ಸಂಸ್ಥೆ ಸೇರಿಸಿದರೆ ಖರ್ಚು ಇಳಿಯಬೇಕು. 2007ರಲ್ಲಿ ಏರ್ ಇಂಡಿಯಾವನ್ನೂ ಇಂಡಿಯನ್ ಏರ್‌ಲೈನ್ಸನ್ನೂ ಸೇರಿಸಿದ ಮೇಲೆ ನಷ್ಟ ಏರಿದ್ದು ಹೇಗೆ?
— ನಿವೃತ್ತ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿ

ಸರ್, ನಿಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಯಾಕೆಂದರೆ ಸಂಸ್ಥೆಗಳನ್ನು ಸೇರಿಸುವ ಮೊದಲೇ ಒಂದು ಖರೀದಿ ನಡೆದಿತ್ತು. ಅದನ್ನು ಬಿಟ್ಟು ಮಾತಾಡಿದರೆ ಏನೂ ಅರ್ಥವಾಗಲ್ಲ.

1990ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಏರ್ ಇಂಡಿಯಾ ಹೊಸ ವಿಮಾನಕ್ಕೆ ಆರ್ಡರ್ ಕೊಡಲಿಲ್ಲ. ಸಮಿತಿ ಮೇಲೆ ಸಮಿತಿ. ಕೊನೆಗೆ 2004ರ ಆರಂಭದಲ್ಲಿ 28 ವಿಮಾನ ಬೇಕು ಅಂತ ಪ್ರಸ್ತಾವ ಹೋಯಿತು. ಅದೇ ವರ್ಷ ಮುಗಿಯುವುದರೊಳಗೆ 28 ಇದ್ದದ್ದು 68 ಆಯಿತು! ಇಂಡಿಯನ್ ಏರ್‌ಲೈನ್ಸ್‌ನವರ 43 ಏರ್‌ಬಸ್ ಸೇರಿ ಒಟ್ಟು 111. ಏರ್ ಇಂಡಿಯಾದ 68ಕ್ಕೆ ಬೆಲೆ 33 ಸಾವಿರ ಕೋಟಿಗೂ ಮೇಲೆ. ಆಗ ಸಂಸ್ಥೆಯ ಷೇರು ಬಂಡವಾಳ ಎಷ್ಟಿತ್ತು ಗೊತ್ತಾ? ಸುಮಾರು 154 ಕೋಟಿ. ನಿಮ್ಮ ಬ್ರಾಂಚಿಗೆ ಇಂಥ ಅರ್ಜಿ ಬಂದಿದ್ದರೆ ನೀವು ಕುರ್ಚಿಯನ್ನಾದರೂ ತೋರಿಸುತ್ತಿದ್ದಿರಾ? ಇಲ್ಲಿ ಸಾಲ ಸಿಕ್ಕಿತು, ಬೆನ್ನಿಗೆ ಸರ್ಕಾರ ನಿಂತಿತ್ತು. ಹೆಚ್ಚುಕಡಿಮೆ ಎಲ್ಲವೂ ಸಾಲದ ದುಡ್ಡು. 2011ರಲ್ಲಿ ಸಿಎಜಿ ಹಿಡಿದು ಝಾಡಿಸಿದ್ದು ಇದನ್ನೇ.

ವಿಮಾನ ಬೇಕಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಿತ್ತು. ಹತ್ತು ವರ್ಷ ಉಪವಾಸ ಕೂತು ಒಂದೇ ಸಲಕ್ಕೆ ಅಷ್ಟು ಬಡಿಸಿಕೊಂಡದ್ದು ತಪ್ಪು.

ಈ ಸಾಲದ ಹೊರೆ ತಲೆಗೆ ಏರುತ್ತಿರುವಾಗಲೇ 2007ರ ಆಗಸ್ಟಿನಲ್ಲಿ ಎರಡನ್ನೂ ಸೇರಿಸಿದರು. ಮರುವರ್ಷ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಅದರ ಬೆನ್ನಿಗೇ ಜಗತ್ತಿನ ಆರ್ಥಿಕ ಕುಸಿತ. ಎರಡೂ ಸಂಸ್ಥೆ ಸೇರಿ 2006-07ರಲ್ಲಿ ಸುಮಾರು 770 ಕೋಟಿ ನಷ್ಟ ಇದ್ದದ್ದು, 2009ರ ಮಾರ್ಚ್ ಹೊತ್ತಿಗೆ 7 ಸಾವಿರ ಕೋಟಿ ದಾಟಿತ್ತು.

ಕೌಂಟರಿನಲ್ಲಿ ಕೂತವರಿಗೆ ಈ ಮದುವೆ ಹೇಗೆ ಕಂಡಿತು ಅಂತಲೂ ಹೇಳಬೇಕು. ಪ್ರತಿ ಏರ್‌ಲೈನಿಗೆ ಒಂದು ಟಿಕೆಟ್ ನಂಬರ್ ಇರುತ್ತದೆ. 098 ಅಂತ ಶುರುವಾದರೆ ಏರ್ ಇಂಡಿಯಾ, 058 ಅಂದರೆ ಇಂಡಿಯನ್ ಏರ್‌ಲೈನ್ಸ್. ವಿಮಾನದ ಕೋಡು ಒಂದಕ್ಕೆ ಎಐ, ಇನ್ನೊಂದಕ್ಕೆ ಐಸಿ. ಪೇಪರಿನಲ್ಲಿ 'ಒಂದೇ ಸಂಸ್ಥೆ' ಅಂತ ಜಾಹೀರಾತು ಬಂದ ಮೇಲೂ ಐಸಿ ಕೋಡು ಹೋಗಲು 2011 ಆಗಬೇಕಾಯಿತು. ಮಂಗಳೂರಿನಿಂದ ಮುಂಬೈ ಒಂದರದ್ದು, ಮುಂಬೈಯಿಂದ ಲಂಡನ್ ಇನ್ನೊಂದರದ್ದು. ಗಿರಾಕಿ 'ಎರಡೂ ಒಂದೇ ಅಲ್ವಾ ಮೇಡಂ' ಅನ್ನುತ್ತಿದ್ದರು. 'ಹೌದು' ಅನ್ನುತ್ತಿದ್ದೆ. ಇನ್ನೇನು ಹೇಳಲಿ?

ಬಣ್ಣದ ಕತೆಯಂತೂ ಕೇಳಲೇಬೇಡಿ. 2005ರ ಕೊನೆಗೆ ಇಂಡಿಯನ್ ಏರ್‌ಲೈನ್ಸ್ 'ಇಂಡಿಯನ್' ಅಂತ ಹೆಸರು ಬದಲಿಸಿ, ಕೊನಾರ್ಕದ ಚಕ್ರ ಬಿಡಿಸಿಕೊಂಡು ವಿಮಾನಗಳಿಗೆ ಹೊಸ ಬಣ್ಣ ಬಳಿಯಲು ಶುರು ಮಾಡಿತು. ಎರಡು ವರ್ಷ ತುಂಬುವ ಮೊದಲೇ ವಿಲೀನ. ಮತ್ತೆ ಹೊಸ ಲಾಂಛನ, ಮತ್ತೆ ಬಣ್ಣ.

ಇದೆಲ್ಲ ಸಣ್ಣದು ಸರ್. ದೊಡ್ಡ ಗಂಟು ಸಂಬಳ, ಬಡ್ತಿಯದ್ದು. ಒಂದು ಕಡೆ ದೊಡ್ಡ ವಿಮಾನ ಓಡಿಸುವವರು, ಇನ್ನೊಂದು ಕಡೆ ಸಣ್ಣ ವಿಮಾನದವರು. ಸಂಬಳದ ಲೆಕ್ಕ ಬೇರೆ, ಬಡ್ತಿಯ ಲೆಕ್ಕ ಬೇರೆ, ಯೂನಿಯನ್ನೂ ಬೇರೆ. ಇವರನ್ನೆಲ್ಲ ಒಂದೇ ಪಟ್ಟಿಗೆ ತರುವುದು ಹೇಗೆ ಅಂತ ಹೇಳಲು ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ಬಂದದ್ದು 2011ರಲ್ಲಿ. ಅಂದರೆ ತಾಳಿ ಕಟ್ಟಿ ನಾಲ್ಕು ವರ್ಷ ಆದ ಮೇಲೆ ಜಾತಕ ನೋಡಿದರು! ಆ ವರ್ಷವೇ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ಸಂಬಳ ಕೇಳಿ ಮುಷ್ಕರ ಹೂಡಿದರು. 2012ರಲ್ಲಿ ಹಳೆಯ ಏರ್ ಇಂಡಿಯಾದ ಪೈಲಟ್‌ಗಳ ಸರದಿ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯಲ್ಲಿ ಆ ಕಡೆಯವರಿಗೂ ಪಾಲು ಕೊಡಬಾರದು ಅಂತ ಜಗಳ. ಅದು 58 ದಿನ ನಡೆಯಿತು. ಬೇಸಿಗೆ ರಜೆಯ ಸೀಸನ್ನಿನಲ್ಲಿ. ಆ ಎರಡು ತಿಂಗಳು ನಮಗೆ ಟಿಕೆಟ್ ಮಾರುವುದಕ್ಕಿಂತ ಬದಲಿಸಿ ಕೊಡುವುದೇ ಜಾಸ್ತಿಯಾಗಿತ್ತು.

ನಿಮ್ಮ ಬ್ಯಾಂಕಿನ ವಿಲೀನದಲ್ಲಿ ಬೋರ್ಡು ಬದಲಿಸುವ ಮೊದಲು ಸೀನಿಯಾರಿಟಿ ಪಟ್ಟಿಗೆ ಕೈ ಹಾಕಿದ್ದರಾ? ಇಲ್ಲಿ ಹಾಕಿರಲಿಲ್ಲ.

ಅಕ್ಕಾ, ನಮ್ಮ ಅಪ್ಪ ದುಬೈಗೆ ಹೋದದ್ದು ಏರ್ ಇಂಡಿಯಾದಲ್ಲಿ. ಇವತ್ತು ನಮ್ಮ ಬದಿಯವರು ಲಂಡನ್‌ಗೆ ಹೋಗಲಿ, ಅಮೆರಿಕಕ್ಕೆ ಹೋಗಲಿ, ದುಬೈ ಅಥವಾ ದೋಹಾ ಮೇಲೇ ಹೋಗುತ್ತಾರೆ. ಆ ಗಿರಾಕಿಗಳೆಲ್ಲ ಕೈತಪ್ಪಿದ್ದು ಹೇಗೆ?
— ಹೋಟೆಲ್ ಉದ್ಯಮಿ, ಕುಂದಾಪುರ

ನಿಮ್ಮ ಅಪ್ಪನ ಟಿಕೆಟ್ ನಾನೇ ಬರೆದಿದ್ದರೂ ಬರೆದಿರಬಹುದು! ಆಗಿನ ಟಿಕೆಟ್ ಅಂದರೆ ಪುಟ್ಟ ಪುಸ್ತಕ. ಪ್ರತಿ ಹಾಳೆಯ ಹಿಂದೆ ಕೆಂಪು ಕಾರ್ಬನ್. ಒತ್ತಿ ಬರೆಯಬೇಕು, ಇಲ್ಲದಿದ್ದರೆ ಕೊನೆಯ ಹಾಳೆಗೆ ಅಕ್ಷರ ಇಳಿಯುವುದಿಲ್ಲ. ಸಂಜೆ ಹೊತ್ತಿಗೆ ಬೆರಳೆಲ್ಲ ಕೆಂಪು. ಸೀಟು ಖಾತ್ರಿಯಾಗಿದ್ದರೆ 'ಓಕೆ', ಇಲ್ಲದಿದ್ದರೆ 'ಆರ್‌ಕ್ಯೂ', ಅಂದರೆ ಕೇಳಿದ್ದೇವೆ, ಉತ್ತರ ಬಂದಿಲ್ಲ. ಗಲ್ಫ್ ಟಿಕೆಟ್‌ನಲ್ಲಿ ಆರ್‌ಕ್ಯೂ ಬರೆದೂ ಬರೆದೂ ಸಾಕಾಗಿತ್ತು. ಮಂಗಳೂರಿನಿಂದ ಗಲ್ಫಿಗೆ ವಿಮಾನ ಇರಲಿಲ್ಲ. ಹುಡುಗರು ರಾತ್ರಿ ಬಸ್ಸು ಹತ್ತಿ ಬೊಂಬಾಯಿಗೆ ಹೋಗುತ್ತಿದ್ದರು, ಅಲ್ಲಿ ಊರಿನವರ ರೂಮಿನಲ್ಲಿ ಉಳಿದು ಸೀಟಿಗೆ ಕಾಯುತ್ತಿದ್ದರು.

ಹಾಗೆ ಗಿರಾಕಿ ಸಾಲುಗಟ್ಟಿ ನಿಂತಿದ್ದಾಗ ಕೊಡಲು ವಿಮಾನ ಸಾಲುತ್ತಿರಲಿಲ್ಲ. ಎರಡು ದೇಶಗಳ ನಡುವೆ ವಾರಕ್ಕೆ ಇಷ್ಟು ಸೀಟು ಅಂತ ಸರ್ಕಾರಗಳು ಒಪ್ಪಂದ ಮಾಡಿಕೊಳ್ಳುತ್ತವೆ. ಇಬ್ಬರಿಗೂ ಸಮ ಪಾಲು. ನಮ್ಮ ಪಾಲು ತುಂಬಿಸಲು ನಮ್ಮಲ್ಲಿ ವಿಮಾನವಿಲ್ಲ, ಅವರ ಪಾಲು ತುಂಬಿಸಲು ಅವರಲ್ಲಿ ಇದೆ. ಎಮಿರೇಟ್ಸ್ ಶುರುವಾದದ್ದು 1985ರಲ್ಲಿ. ಅದರ ಮೊದಲ ಊರುಗಳೇ ಕರಾಚಿ, ಬೊಂಬಾಯಿ, ದಿಲ್ಲಿ. ಮೊದಮೊದಲು ನಮ್ಮವರನ್ನು ದುಬೈಗೆ ಒಯ್ದರು. ಆಮೇಲೆ ದುಬೈ ದಾಟಿಸಿ ಲಂಡನ್, ನ್ಯೂಯಾರ್ಕಿಗೆ ಒಯ್ದರು. ಆಮೇಲೆ ಸೀಟು ಜಾಸ್ತಿ ಕೇಳಿದರು, ದಿಲ್ಲಿಯವರು ಕೊಟ್ಟರು.

ಕಡಿಮೆ ದರದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಶುರುವಾಯಿತು, ಮಂಗಳೂರಿನಿಂದ ದುಬೈಗೆ ನೇರ ವಿಮಾನ 2006ರಲ್ಲಿ. ನಮ್ಮ ಕರಾವಳಿಯವರಿಗೆ ಇದು ದೊಡ್ಡ ಉಪಕಾರವೇ. ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು ಅನ್ನುವುದು ಬೇರೆ ಮಾತು.

ಇನ್ನೊಂದು ಕೇಳಿ. ನಡುವೆ ಎಲ್ಲೂ ಇಳಿಯದೆ ಅಮೆರಿಕಕ್ಕೆ ಹಾರಬಲ್ಲ ಬೋಯಿಂಗ್ 777-200ಎಲ್‌ಆರ್ ವಿಮಾನಗಳನ್ನು ಏರ್ ಇಂಡಿಯಾ ಎಂಟು ಕೊಂಡಿತ್ತು. ಇಂಧನ ವಿಪರೀತ ಕುಡಿಯುತ್ತದೆ ಅಂತ ಐದನ್ನು 2013-14ರಲ್ಲಿ ಮಾರಿಬಿಟ್ಟರು. ಯಾರಿಗೆ? ಅಬುಧಾಬಿಯ ಎತಿಹಾದ್‌ಗೆ! ಸಿಗಬೇಕಾದ ಬೆಲೆಗಿಂತ ಕಡಿಮೆಗೆ ಮಾರಿದರು ಅಂತ ಸಿಎಜಿ ಆಕ್ಷೇಪ ಎತ್ತಿತು. ಉಳಿದ ಮೂರರಲ್ಲಿ 'ಕೇರಳ' ಎಂಬ ಹೆಸರಿನದ್ದೇ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನೇರ ಬೆಂಗಳೂರಿಗೆ ಬಂದದ್ದು. ಕಾಕ್‌ಪಿಟ್ಟಿನಲ್ಲಿ ಎಲ್ಲರೂ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನಾಯಕಿ. ಟಿವಿಯಲ್ಲಿ ನೋಡಿ ಖುಷಿಯಾಯಿತು, ಆ ಐದು ವಿಮಾನ ನೆನಪಾಗಿ ಹೊಟ್ಟೆಯೂ ಉರಿಯಿತು.

ಕುವೈತಿನಿಂದ ಲಕ್ಷ ಜನರನ್ನು ಕರೆತಂದದ್ದು ನಿಜವೇ, ಸಿನಿಮಾದವರ ಉತ್ಪ್ರೇಕ್ಷೆಯೇ?
— ಕಾಲೇಜು ವಿದ್ಯಾರ್ಥಿನಿ, ಉಡುಪಿ

ಪೂರ್ತಿ ನಿಜ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ನಮ್ಮವರು ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಬೇಕಿತ್ತು. ಅಲ್ಲಿಂದ 59 ದಿನಗಳಲ್ಲಿ 488 ಹಾರಾಟ, 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನ. ಗಿನ್ನೆಸ್ ದಾಖಲೆಯಾಯಿತು. ಆಗ ನಮ್ಮ ಆಫೀಸಿಗೆ ಟಿಕೆಟ್ ಕೇಳಲು ಬಂದವರಿಗಿಂತ 'ನನ್ನ ಮಗನ ಹೆಸರು ಪಟ್ಟಿಯಲ್ಲಿದೆಯಾ' ಅಂತ ಕೇಳಲು ಬಂದ ತಾಯಂದಿರೇ ಜಾಸ್ತಿ. ನಮ್ಮ ಹತ್ತಿರ ಯಾವ ಪಟ್ಟಿಯೂ ಇರಲಿಲ್ಲ. ಚಹಾ ತರಿಸಿ ಕೂರಿಸುತ್ತಿದ್ದೆವು.

ಲಾಭ ನಷ್ಟದ ಲೆಕ್ಕ ಹಾಕುವಾಗ ಇದನ್ನು ಯಾವ ಕಾಲಂನಲ್ಲಿ ಬರೆಯಬೇಕು ಅಂತ ನಿಮ್ಮ ಕಾಮರ್ಸ್ ಮೇಷ್ಟ್ರನ್ನು ಕೇಳಿ ನೋಡಿ.

ಎಲ್‌ಟಿಸಿಯಲ್ಲಿ, ಅಂದರೆ ಸರ್ಕಾರ ಖರ್ಚು ಕೊಡುವ ರಜೆ ಪ್ರವಾಸದಲ್ಲಿ, ಏರ್ ಇಂಡಿಯಾದಲ್ಲೇ ಹೋಗಬೇಕು ಅಂತ ನಮಗೆ ಕಡ್ಡಾಯ ಮಾಡಿದ್ದರು. ಅಷ್ಟು ಗ್ಯಾರಂಟಿ ಗಿರಾಕಿ ಇದ್ದೂ ನಷ್ಟವೇ?
— ಕೇಂದ್ರ ಸರ್ಕಾರದ ನಿವೃತ್ತ ನೌಕರರು, ಮೈಸೂರು

ಗಿರಾಕಿ ಗ್ಯಾರಂಟಿ, ದುಡ್ಡು ಗ್ಯಾರಂಟಿ ಅಲ್ಲ. ಇಲಾಖೆಗಳು ಟಿಕೆಟ್ ಸಾಲಕ್ಕೆ ಪಡೆಯುತ್ತಿದ್ದವು. ಗಣ್ಯರ ವಿಶೇಷ ವಿಮಾನದ ಬಿಲ್ಲುಗಳೂ ವರ್ಷಗಟ್ಟಲೆ ಬಾಕಿ ಇರುತ್ತಿದ್ದವು. ಮಾರಾಟ ನಿಕ್ಕಿಯಾದ ಮೇಲೆ, 2021ರ ಅಕ್ಟೋಬರಿನಲ್ಲಿ, ಹಣಕಾಸು ಸಚಿವಾಲಯ ಒಂದು ಆದೇಶ ಹೊರಡಿಸಿತು: ಏರ್ ಇಂಡಿಯಾದ ಬಾಕಿ ತಕ್ಷಣ ತೀರಿಸಿ, ಇನ್ನು ಮುಂದೆ ನಗದು ಕೊಟ್ಟೇ ಟಿಕೆಟ್ ಕೊಳ್ಳಿ. ಟಾಟಾ ಬಂದರೆ ನಗದು, ತಮ್ಮದೇ ಸಂಸ್ಥೆಗೆ ಉದ್ರಿ!

ಕಿಂಗ್‌ಫಿಷರ್ ಮುಳುಗಿದ್ದೂ ಇದೂ ಒಂದೇ ಅಲ್ವಾ?
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಅಲ್ಲ. ಅದು 2005ರಲ್ಲಿ ಹಾರಿತು, 2012ರಲ್ಲಿ ನಿಂತಿತು. ದುಡ್ಡು ಖಾಲಿಯಾದರೆ ಖಾಸಗಿ ಕಂಪನಿ ನಿಲ್ಲಲೇಬೇಕು. ಏರ್ ಇಂಡಿಯಾಕ್ಕೆ ಅದೇ 2012ರಲ್ಲಿ 30,231 ಕೋಟಿ ಕೊಡುವ ಯೋಜನೆಗೆ ಸರ್ಕಾರ ಒಪ್ಪಿತು.

61 ಸಾವಿರ ಕೋಟಿ ಸಾಲವಿದ್ದ ಸಂಸ್ಥೆಯನ್ನು 18 ಸಾವಿರ ಕೋಟಿಗೆ ಕೊಟ್ಟರು. ಇದು ಪುಕ್ಕಟೆ ಕೊಟ್ಟ ಹಾಗಲ್ಲವೇ? ತೆರಿಗೆ ಕಟ್ಟುವವರು ನಾವು.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಸಿಟ್ಟು ಸರಿ, ಆದರೆ ಲೆಕ್ಕ ಒಮ್ಮೆ ಬಿಡಿಸಿ ನೋಡೋಣ.

2018ರಲ್ಲಿ 76 ಪರ್ಸೆಂಟ್ ಪಾಲು ಮಾರಲು ಸರ್ಕಾರ ಟೆಂಡರ್ ಕರೆದಿತ್ತು. ಒಬ್ಬರೂ ಬರಲಿಲ್ಲ. ಸಾಲ ಹೊರಬೇಕು, 24 ಪರ್ಸೆಂಟ್ ಇಟ್ಟುಕೊಂಡ ಸರ್ಕಾರವನ್ನೂ ಜೊತೆಗೆ ಇಟ್ಟುಕೊಳ್ಳಬೇಕು, ಯಾರಿಗೆ ಬೇಕು? 2020ರಲ್ಲಿ ನೂರಕ್ಕೆ ನೂರು ಮಾರುತ್ತೇವೆ ಅಂದರು. 2021ರ ಅಕ್ಟೋಬರ್ 8ರಂದು ಟಾಟಾ ಗೆದ್ದದ್ದು ಪ್ರಕಟವಾಯಿತು. ಅವರ ಬಿಡ್ 18,000 ಕೋಟಿ, ಎದುರಾಳಿಯದ್ದು 15,100 ಕೋಟಿ. ಸರ್ಕಾರ ಗುಟ್ಟಾಗಿ ಇಟ್ಟಿದ್ದ ಕನಿಷ್ಠ ಬೆಲೆ 12,906 ಕೋಟಿ. ಈ 18,000ದಲ್ಲಿ 15,300 ಕೋಟಿ ಸಾಲವನ್ನು ಟಾಟಾ ಹೊತ್ತುಕೊಂಡಿತು, ನಗದಾಗಿ ಬಂದದ್ದು 2,700 ಕೋಟಿ ಮಾತ್ರ.

ಆಗಸ್ಟ್ ಕೊನೆಗೆ ಇದ್ದ ಸಾಲ 61,562 ಕೋಟಿ. ಉಳಿದ 46,262 ಕೋಟಿ ಎಲ್ಲಿಗೆ ಹೋಯಿತು? ಸರ್ಕಾರವೇ ಮಾಡಿದ ಇನ್ನೊಂದು ಕಂಪನಿಗೆ. ಅದರ ಜೊತೆ ಇಂಧನದ ಬಾಕಿ ಇತ್ಯಾದಿ 15,834 ಕೋಟಿ. ಬದಲಿಗೆ ಜಾಗ, ಕಟ್ಟಡಗಳೂ ಆ ಕಂಪನಿಗೇ ಬಂದವು. ಅವುಗಳ ಬೆಲೆ 14,718 ಕೋಟಿ ಅಂತ ಲೆಕ್ಕ. ಮುಂಬೈಯ ನಾರಿಮನ್ ಪಾಯಿಂಟಿನ ಆ ಪ್ರಸಿದ್ಧ ಕಟ್ಟಡ ಟಾಟಾಗೆ ಹೋಗಲಿಲ್ಲ. ಅದನ್ನು ಮಹಾರಾಷ್ಟ್ರ ಸರ್ಕಾರ 1,601 ಕೋಟಿಗೆ ಕೊಂಡಿತು. ಎಲ್ಲ ಕೂಡಿ ಕಳೆದರೆ ನಿಮ್ಮ, ನನ್ನ ತಲೆಯ ಮೇಲೆ ಉಳಿದದ್ದು ಸುಮಾರು 44,700 ಕೋಟಿ.

ಈಗ ಇನ್ನೊಂದು ಬದಿ. ಮಾರುವ ಹೊತ್ತಿಗೆ ದಿನಕ್ಕೆ ಸುಮಾರು 20 ಕೋಟಿ ನಷ್ಟ ಆಗುತ್ತಿತ್ತು ಅಂತ ಸರ್ಕಾರವೇ ಹೇಳಿತ್ತು. 2009-10ರಿಂದ ನಗದು, ಗ್ಯಾರಂಟಿ ಎಲ್ಲ ಸೇರಿ 1 ಲಕ್ಷ 10 ಸಾವಿರ ಕೋಟಿ ಆಸರೆ ಕೊಟ್ಟಾಗಿತ್ತು. ಹಾಗಾಗಿ 2021ರಲ್ಲಿ ಪುಕ್ಕಟೆ ಕೊಟ್ಟರು ಅಂತ ನನಗೆ ಅನಿಸುವುದಿಲ್ಲ. 2001ರ ಸುಮಾರಿಗೂ ಒಮ್ಮೆ ಪಾಲು ಮಾರುವ ಪ್ರಯತ್ನ ನಡೆದಿತ್ತು. ಆಗ ಟಾಟಾ ಮತ್ತು ಸಿಂಗಪುರ್ ಏರ್‌ಲೈನ್ಸ್ ಆಸಕ್ತಿ ತೋರಿಸಿದ್ದರು. ಗಲಾಟೆಯಾಗಿ ಅದು ಬಿದ್ದುಹೋಯಿತು. ನಿಮ್ಮ ಸಿಟ್ಟನ್ನು ಆ ಇಪ್ಪತ್ತು ವರ್ಷದ ಮೇಲೆ ತಿರುಗಿಸಿ, ಅಲ್ಲಿ ಅದಕ್ಕೆ ಜಾಗವಿದೆ.

ಟಾಟಾ ಬಂದು ಇಷ್ಟು ವರ್ಷವಾಯಿತು. ಇನ್ನು ಸರಿಹೋಯಿತು ಅನ್ನಬಹುದೇ?
— ಗೃಹಿಣಿ, ಧಾರವಾಡ

ಇಷ್ಟು ಬೇಗ ಹೇಳಲು ನನಗೆ ಧೈರ್ಯವಿಲ್ಲ ಅಕ್ಕಾರ. 2022ರ ಜನವರಿ 27ಕ್ಕೆ ಕೈ ಬದಲಾಯಿತು. 2023ರಲ್ಲಿ 470 ವಿಮಾನಗಳಿಗೆ ಆರ್ಡರ್ ಹೋಯಿತು. ಈ ಸಲ ಸಾಲಕ್ಕೆ ಸರ್ಕಾರ ಜಾಮೀನಲ್ಲ, ಅದು ಒಳ್ಳೆಯದು. ಆದರೆ ಆರ್ಡರ್ ಕೊಟ್ಟ ಮಾತ್ರಕ್ಕೆ ವಿಮಾನ ಬರುವುದಿಲ್ಲ, ಕಾರ್ಖಾನೆಗಳ ಮುಂದೆ ವರ್ಷಗಟ್ಟಲೆ ಕ್ಯೂ. ಅಲ್ಲಿಯವರೆಗೆ ಹಳೆಯ ಸೀಟು, ಓಡದ ಟಿವಿ ಪರದೆ ಅಂತ ಪ್ರಯಾಣಿಕರ ದೂರು ತಪ್ಪಲ್ಲ. 2024ರಲ್ಲಿ ಮತ್ತೆ ವಿಲೀನ: ವಿಸ್ತಾರಾ ಏರ್ ಇಂಡಿಯಾದೊಳಗೆ, ಬೆಂಗಳೂರಿನಲ್ಲಿದ್ದ ಹಳೆಯ ಏರ್‌ಏಷ್ಯಾ ಇಂಡಿಯಾ ಎಕ್ಸ್‌ಪ್ರೆಸ್ ಒಳಗೆ. ಅಲ್ಲೂ ಪೈಲಟ್‌ಗಳ ಸೀನಿಯಾರಿಟಿ ತಕರಾರು ಕೇಳಿಬಂತು. ನಾನು ಮೊದಲು ನೋಡುವುದು ಅದನ್ನೇ, ಹೊಸ ಸಮವಸ್ತ್ರವನ್ನಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತ ನಿಮಗೆ ಗೊತ್ತೇ ಇದೆ. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರೇ ಉಳಿದರು. ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ 2010ರ ಮೇ 22ರ ಬೆಳಗ್ಗೆ ವಿಮಾನ ದುರಂತದಲ್ಲಿ 158 ಜನ ಹೋದದ್ದನ್ನು ನೋಡಿದ ಊರಿನವಳು ನಾನು. ಇಂಥದ್ದರ ಬಗ್ಗೆ ಕೌಂಟರಿನ ಜ್ಞಾನ ಇಟ್ಟುಕೊಂಡು ತೀರ್ಪು ಕೊಡಲಾರೆ.

ಏರ್ ಇಂಡಿಯಾದವರು ಬೆಂಗಳೂರಿನಿಂದ ಒಬ್ಬ ಚಿತ್ರಕಾರನಿಗೆ ಆನೆ ಕಳಿಸಿದ್ದರು ಅಂತ ನಮ್ಮ ಮಾವ ಹೇಳುತ್ತಾರೆ. ಮಾವನನ್ನು ನಂಬಬಹುದೇ?
— ಅಡಿಕೆ ಬೆಳೆಗಾರರು, ಸಿರ್ಸಿ

ಈ ವಿಷಯದಲ್ಲಿ ನಂಬಿ. 1967ರಲ್ಲಿ ಸ್ಪೇನಿನ ಸಾಲ್ವಡಾರ್ ಡಾಲಿ ಏರ್ ಇಂಡಿಯಾಕ್ಕೆ ಒಂದು ಆ್ಯಷ್‌ಟ್ರೇ ವಿನ್ಯಾಸ ಮಾಡಿಕೊಟ್ಟರು. ಹೀಗೆ ಹಿಡಿದರೆ ಹಂಸ, ತಿರುಗಿಸಿದರೆ ಆನೆಯ ತಲೆ. ಬದಲಿಗೆ ಏನು ಬೇಕು ಅಂದಾಗ ದುಡ್ಡು ಕೇಳಲಿಲ್ಲ, ಆನೆಮರಿ ಕೇಳಿದರು. ಬೆಂಗಳೂರಿನಿಂದ ಮರಿಯನ್ನು ಜಿನೀವಾಕ್ಕೆ ಹಾರಿಸಿ, ಅಲ್ಲಿಂದ ಲಾರಿಯಲ್ಲಿ ಡಾಲಿಯ ಊರಿಗೆ ಮುಟ್ಟಿಸಿದರು. ಜೊತೆಗೆ ಮಾವುತನೂ ಹೋಗಿದ್ದ. ಆಮೇಲೆ ಆನೆ ವೆಲೆನ್ಸಿಯಾದ ಮೃಗಾಲಯ ಸೇರಿತು.

ಅಂದಹಾಗೆ, ಆನೆಗೆ ಟಿಕೆಟ್ ಬರೆಯುವುದಿಲ್ಲ. ಕಾರ್ಗೋದವರ ಏರ್‌ವೇ ಬಿಲ್ಲಿನಲ್ಲಿ ಹೋಗುತ್ತದೆ. ಮಾವುತನಿಗೆ ಮಾತ್ರ ಟಿಕೆಟ್.